ಏರುವುದು ಸುಲಭ, ಇಳಿಯುವುದೇ ಕಷ್ಟ

2017ರ ಫೆಬ್ರವರಿ 15ರಂದು ಶ್ರೀಹರಿಕೋಟಾದಿಂದ ಮೇಲೇರಿದ ಪಿಎಸ್‌ಎಲ್‌ವಿ-ಸಿ37 ರಾಕೆಟ್ಟು ಒಂದೇ ಸಲಕ್ಕೆ 104 ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು. ಅವುಗಳಲ್ಲಿ ಭಾರತದವು ಮೂರೇ. ಉಳಿದ 101 ವಿದೇಶಿ ಗಿರಾಕಿಗಳವು, 96 ಅಮೆರಿಕದವೇ. ಅವರೊಡನೆ ವ್ಯವಹಾರ ಕುದುರಿಸಿದ್ದು ಇಸ್ರೋದ ವಾಣಿಜ್ಯ ಅಂಗವಾದ, ಬೆಂಗಳೂರಿನ ಆಂಟ್ರಿಕ್ಸ್.

ಮುಖ್ಯ ಪ್ರಯಾಣಿಕ 714 ಕಿಲೋ ತೂಕದ ಕಾರ್ಟೊಸ್ಯಾಟ್. ಅದನ್ನು ಹೊತ್ತ ಮೇಲೂ ರಾಕೆಟ್ಟಿಗೆ ಶಕ್ತಿ ಮಿಗುತ್ತದೆ. ಹೇಗೂ ಹೊರಟ ಲಾರಿಗೆ ಇನ್ನಷ್ಟು ಮೂಟೆ ಹೇರಿದಂತೆ ಉಳಿದ 103 ಹತ್ತಿದವು. ಎಲ್ಲ ಸೇರಿ ತೂಕ ಸುಮಾರು 664 ಕಿಲೋ. ಹಲವು ಐದು ಕಿಲೋ ಕೂಡ ಇರಲಿಲ್ಲ!

ಪತ್ರಿಕೆಗಳೆಲ್ಲ 104 ಎಂಬ ಸಂಖ್ಯೆಯನ್ನು ಕೊಂಡಾಡಿದವು. ನಿಜವಾದ ಜಾಣ್ಮೆ ಇದ್ದದ್ದು ಇಳಿಸುವುದರಲ್ಲಿ. ರಾಕೆಟ್ಟು ಸೆಕೆಂಡಿಗೆ ಸುಮಾರು ಏಳೂವರೆ ಕಿ.ಮೀ. ವೇಗದಲ್ಲಿ ಸಾಗುತ್ತಿರುತ್ತದೆ. ಅದರಿಂದ ಹೊರಬಿದ್ದ ಉಪಗ್ರಹವೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ಪಕ್ಕದಲ್ಲೇ ಓಡುತ್ತದೆ. ಬಸ್ಸಿನಿಂದ ಇಳಿದವರೆಲ್ಲ ಮನೆಗೆ ಹೋಗದೆ ಬಸ್ಸಿನ ಜೊತೆಗೇ ಓಡಿದರೆ ಹೇಗೆ? ಒಂದೇ ದಿಕ್ಕಿಗೆ ತಳ್ಳಿದರೆ, ಹಿಂದಿನದು ತುಸು ವೇಗವಾಗಿದ್ದರೂ ಸಾಕು, ಮುಂದಿನದಕ್ಕೆ ಡಿಕ್ಕಿ. ಹಣ ಕೊಟ್ಟವರ ಸೊತ್ತು ಚೂರಾದರೆ ಮುಂದಿನ ಗಿರಾಕಿ ಬಂದಾನೆಯೇ?

ಅದಕ್ಕಾಗಿ ಯಾವುದು ಎಷ್ಟನೆಯ ಸೆಕೆಂಡಿಗೆ, ಯಾವ ಕೋನದಲ್ಲಿ ಹೊರಬೀಳಬೇಕೆಂದು ಮೊದಲೇ ಲೆಕ್ಕ ಹಾಕಿದ್ದರು. ಹಾರಿದ ಸುಮಾರು 17 ನಿಮಿಷಕ್ಕೆ, 506 ಕಿ.ಮೀ. ಎತ್ತರದಲ್ಲಿ, ಮೊದಲು ಕಾರ್ಟೊಸ್ಯಾಟ್ ಇಳಿಯಿತು. ಪೆಟ್ಟಿಗೆಗಳಲ್ಲಿದ್ದ ಚಿಕ್ಕವುಗಳನ್ನು ಸ್ಪ್ರಿಂಗುಗಳು ಮೆಲ್ಲಗೆ ನೂಕಿದವು. ಹನ್ನೆರಡು ನಿಮಿಷಗಳಲ್ಲಿ ಎಲ್ಲವೂ ಹೊರಗೆ. ಒಂದೂ ಇನ್ನೊಂದಕ್ಕೆ ತಾಗಲಿಲ್ಲ.

ಇದೇ ಪಿಎಸ್‌ಎಲ್‌ವಿ 1999ರ ಮೇ 26ರಂದು ಮೊದಲ ಸಲ ಪರದೇಶದ ಉಪಗ್ರಹಗಳನ್ನು ಹೊತ್ತಾಗ ಇದ್ದದ್ದು ಎರಡೇ, ಕೊರಿಯಾದ್ದೊಂದು, ಜರ್ಮನಿಯದೊಂದು. 104ರ ದಾಖಲೆಯನ್ನು 2021ರ ಜನವರಿಯಲ್ಲಿ ಅಮೆರಿಕದ ಸ್ಪೇಸ್‌ಎಕ್ಸ್ 143 ಉಪಗ್ರಹಗಳನ್ನು ಒಯ್ದು ಮುರಿಯಿತು.