ಉಸಿರಾಡ್ತಿದೆ ಅಂದ್ರೆ ಕೆಲಸ ಮಾಡ್ತಿದೆ ಅಂತಲ್ಲ

ಎರಡು ಸರ್ವರ್ ಇದೆ, ಒಂದು ಬಿದ್ರೆ ಇನ್ನೊಂದು ನೋಡ್ಕೊಳ್ಳುತ್ತೆ ಅನ್ನೋ ಧೈರ್ಯ ನಮ್ಮಲ್ಲಿ ಅನೇಕರಿಗಿದೆ. ಸರಿ, ಆದರೆ ಬಿದ್ದಿದೆ ಅಂತ ಮೊದಲು ಗೊತ್ತಾಗಬೇಕಲ್ಲ?

ಲಿನಕ್ಸ್ ಕ್ಲಸ್ಟರ್‌ಗಳಲ್ಲಿ ಈ ಕಾವಲು ಹೆಚ್ಚಾಗಿ ಪೇಸ್‌ಮೇಕರ್‌ನದು. ರಿಸೋರ್ಸ್‌ಗೆ ‘ಮಾನಿಟರ್’ ಆಪರೇಷನ್ ಕೊಟ್ಟಿದ್ದರೆ ಮಾತ್ರ ಅದು ಆಗಾಗ ಹೋಗಿ ವಿಚಾರಿಸುತ್ತೆ. ಇಲ್ಲದಿದ್ದರೆ ಸರ್ವಿಸ್ ಸತ್ತರೂ ಸ್ಟೇಟಸ್‌ನಲ್ಲಿ ‘ಸ್ಟಾರ್ಟೆಡ್’ ಅಂತಲೇ ಕಾಣಿಸುತ್ತೆ. ಪಿಸಿಎಸ್ ಕಮಾಂಡ್ ಒಂದು ಮಾನಿಟರನ್ನ ತಾನೇ ಸೇರಿಸುತ್ತೆ. ಆದರೂ ನಾನು ಮೊದಲು ನೋಡೋದು ಅದನ್ನೇ.

ಆಮೇಲೆ, ವಿಚಾರಣೆ ಎಷ್ಟು ಆಳ? ಫೈಲ್‌ಸಿಸ್ಟಮ್ ಏಜೆಂಟ್ ಸುಮ್ಮನೆ ಬಿಟ್ಟರೆ ‘ಮೌಂಟ್ ಆಗಿದ್ಯಾ’ ಅಂತ ಮಾತ್ರ ಕೇಳುತ್ತೆ. ಚೆಕ್ ಲೆವೆಲ್ 10 ಕೊಟ್ಟರೆ ಡಿಸ್ಕ್ ಓದಿ ನೋಡುತ್ತೆ. 20 ಕೊಟ್ಟರೆ ಒಂದು ಫೈಲ್ ಬರೆದು, ಓದಿ ನೋಡುತ್ತೆ. ಡಿಸ್ಕ್ ರೀಡ್-ಓನ್ಲಿ ಆಗಿ ಕೂತಿದ್ದರೆ ಸಿಕ್ಕಿಬೀಳೋದು ಇಲ್ಲೇ. ಆಳದ ಪರೀಕ್ಷೆ ಡಿಸ್ಕ್‌ಗೆ ಹೊರೆ. ಹಾಗಾಗಿ ಹಗುರವಾದದ್ದನ್ನ ಬೇಗ ಬೇಗ, ಭಾರದ್ದನ್ನ ಅಪರೂಪಕ್ಕೆ ಇಡಿ. ಎರಡರ ಇಂಟರ್ವಲ್ ಬೇರೆ ಬೇರೆ ಇರಲೇಬೇಕು.

ಮೂರನೆಯದು ಟೈಮ್‌ಔಟ್. ಏನೂ ಹೇಳದಿದ್ದರೆ ಪೇಸ್‌ಮೇಕರ್ ಕಾಯೋದು 20 ಸೆಕೆಂಡ್. ಸಂಬಳದ ದಿನ ಡೇಟಾಬೇಸ್ ಏದುಸಿರು ಬಿಡ್ತಾ ಉತ್ತರ ತಡಮಾಡಿದರೆ ಅದನ್ನೂ ಸಾವು ಅಂತಲೇ ಲೆಕ್ಕ ಹಾಕಿ ರೀಸ್ಟಾರ್ಟ್ ಮಾಡುತ್ತೆ. ಬದುಕಿದ್ದ ಡೇಟಾಬೇಸ್, ಜನ ಕಾಯ್ತಿರೋ ಹೊತ್ತಲ್ಲೇ ಬಿತ್ತು! ಅತಿ ಹೆಚ್ಚು ಲೋಡ್ ಇರುವಾಗ ಮಾನಿಟರ್ ಎಷ್ಟು ಹೊತ್ತು ತಗೊಳ್ಳುತ್ತೆ ಅಂತ ಅಳೆದು, ಅದಕ್ಕಿಂತ ಧಾರಾಳವಾಗಿ ಇಡಿ.

ಇನ್ನು ಮೈಗ್ರೇಷನ್-ಥ್ರೆಶೋಲ್ಡ್. ಸುಮ್ಮನೆ ಬಿಟ್ಟರೆ ಅದು ಇನ್‌ಫಿನಿಟಿ: ಓಡ್ತಾ ಇರೋ ಸರ್ವಿಸ್ ಎಷ್ಟು ಸಲ ಬಿದ್ರೂ ಅದೇ ನೋಡ್‌ನಲ್ಲಿ ಎಬ್ಬಿಸ್ತಾ ಇರುತ್ತೆ. 3 ಅಂತ ಕೊಟ್ಟರೆ ಮೂರನೇ ಸಲಕ್ಕೆ ಪಕ್ಕದ ನೋಡ್‌ಗೆ ಹೋಗುತ್ತೆ. ಜೊತೆಗೆ ಫೇಲ್ಯೂರ್-ಟೈಮ್‌ಔಟ್ ಕೊಡದಿದ್ದರೆ ಹಳೇ ಲೆಕ್ಕ ತಾನಾಗಿ ಅಳಿಸೋದಿಲ್ಲ. ಜನವರಿಯ ಒಂದು ತಪ್ಪು, ಮಾರ್ಚ್‌ನ ಒಂದು, ಜೂನ್‌ನ ಒಂದು ಸೇರಿ ಮೂರಾಗುತ್ತೆ. ಎರಡೂ ನೋಡ್‌ನಲ್ಲಿ ಹೀಗಾದ್ರೆ, ಯಾರಾದ್ರೂ ಕ್ಲೀನಪ್ ಮಾಡೋವರೆಗೆ ಸರ್ವಿಸ್‌ಗೆ ಜಾಗವೇ ಇಲ್ಲ.

ಕೊನೆಗೊಂದು ಪರೀಕ್ಷೆ. ಟೆಸ್ಟ್ ಕ್ಲಸ್ಟರ್‌ನಲ್ಲಿ ಪ್ರೋಸೆಸ್ಸನ್ನ ಸಾಯಿಸಿ ನೋಡೋದು ಎಲ್ಲರೂ ಮಾಡ್ತಾರೆ. ನೀವು ಅದಕ್ಕೆ ಸ್ಟಾಪ್ ಸಿಗ್ನಲ್ ಕಳಿಸಿ, ಅಲ್ಲಾಡದಂತೆ ನಿಲ್ಲಿಸಿ ನೋಡಿ. ಪ್ರೋಸೆಸ್ ಇರುತ್ತೆ, ಕೆಲಸ ಇರಲ್ಲ. ಆಗಲೂ ನಿಮ್ಮ ಮಾನಿಟರ್ ‘ಎಲ್ಲ ಚೆನ್ನಾಗಿದೆ’ ಅಂದ್ರೆ, ಆನ್-ಕಾಲ್ ರಾತ್ರಿ ಬರೋ ಮುಂಚೆ ಅದನ್ನ ಸರಿಮಾಡಿ.