ಡಾಕ್‌ಗೆ ಕೂರಿಸಿದರೆ ಕಾರ್ಡ್ ಮಾಯ

ಲ್ಯಾಪ್‌ಟಾಪನ್ನು ಡಾಕ್‌ಗೆ ಕೂರಿಸಿದೊಡನೆ ನೆಟ್‌ವರ್ಕ್ ಕಾರ್ಡ್ ನಾಪತ್ತೆ; ಬಿಡಿಸಿದರೆ ಮತ್ತೆ ಹಾಜರು. 1990ರ ದಶಕದಲ್ಲಿ ಪಿಸಿಎಂಸಿಐಎ ಕಾರ್ಡ್ ಬಳಸಿದವರಿಗೆ ಈ ಕಣ್ಣಾಮುಚ್ಚಾಲೆ ಹೊಸದಲ್ಲ.

ಆಗಿನ ಪಿಸಿಗಳಲ್ಲಿ ಪ್ರೊಸೆಸರ್‌ನ ಗಮನ ಸೆಳೆಯಲು ಇದ್ದದ್ದು ಹದಿನಾರೇ ಐಆರ್‌ಕ್ಯೂ ಸಾಲುಗಳು. ಕೀಬೋರ್ಡ್, ಗಡಿಯಾರ, ಡಿಸ್ಕ್‌ಗಳು ತಮ್ಮ ಪಾಲನ್ನು ಮೊದಲೇ ಹಿಡಿದಿರುತ್ತಿದ್ದವು. ಡಾಕ್‌ನಲ್ಲಿದ್ದ ಸೌಂಡ್ ಕಾರ್ಡ್ 5ನೇ ಸಾಲಿಗೆ ಕೈಹಾಕಿದರೆ, ಅದನ್ನೇ ನೆಚ್ಚಿಕೊಂಡಿದ್ದ ನೆಟ್‌ವರ್ಕ್ ಕಾರ್ಡ್ ಮೂಕವಾಗಬಹುದಿತ್ತು. ಡಾಕ್ ಮಾಡಿದಾಗ ಒಂದು, ಬಿಡಿಸಿದಾಗ ಇನ್ನೊಂದು ಹಾರ್ಡ್‌ವೇರ್ ಪ್ರೊಫೈಲ್ ಇಡುವ ಸೌಲಭ್ಯ ವಿಂಡೋಸ್ 95ರಲ್ಲಿತ್ತು. ತಂಟೆ ಎಲ್ಲಿದೆಯೆಂದು ಡಿವೈಸ್ ಮ್ಯಾನೇಜರ್‌ನ ಹಳದಿ ಆಶ್ಚರ್ಯಸೂಚಕವಾದರೂ ತೋರಿಸುತ್ತಿತ್ತು.

ಇಂದಿನ ಯುಎಸ್‌ಬಿ-ಸಿ ಕಾಲದಲ್ಲಿ ಅಷ್ಟು ಸುಳಿವೂ ಅಪರೂಪ. ನೋಡಲು ಒಂದೇ ತೂತು, ಒಂದೇ ಕೇಬಲ್. ಆದರೆ ಫೋನ್ ಜೊತೆ ಬರುವ ಎಷ್ಟೋ ಕೇಬಲ್‌ಗಳು ಸೆಕೆಂಡಿಗೆ 480 ಮೆಗಾಬಿಟ್ ದಾಟುವುದಿಲ್ಲ. ಥಂಡರ್‌ಬೋಲ್ಟ್ 3 ಕೇಬಲ್ 40 ಗಿಗಾಬಿಟ್‌ವರೆಗೆ ಒಯ್ಯಬಲ್ಲದು. ಮೊದಲಿನದನ್ನು ಡಾಕ್‌ಗೆ ಚುಚ್ಚಿ, ಮಾನಿಟರ್ ಕಪ್ಪಾಗಿಯೇ ಉಳಿದಾಗ ವಿಂಡೋಸ್ ಮರುಸ್ಥಾಪಿಸಲು ಹೊರಡುವವರಿದ್ದಾರೆ. ಪಾಪ, ಅವರ ತಪ್ಪೇನು? ಮೊದಲು ಕೇಬಲ್ ಬದಲಿಸಬೇಕು, ಆಮೇಲೆ ಪೋರ್ಟ್. ಡಾಕ್‌ನ ಫರ್ಮ್‌ವೇರ್, ಬಯಾಸ್‌ಗಳ ಸರದಿ ನಂತರ.

ಅಸಲು ಹೊಣೆ ತಯಾರಕರದು. ಲ್ಯಾಪ್‌ಟಾಪ್‌ಗಳಲ್ಲಿ ಯುಎಸ್‌ಬಿ-ಸಿ ಚಾರ್ಜಿಂಗ್ ಕಡ್ಡಾಯಗೊಳಿಸಲು ಐರೋಪ್ಯ ಒಕ್ಕೂಟ 2026ರ ಏಪ್ರಿಲ್ 28ರ ಗಡುವು ಕೊಟ್ಟಿತು. ಆ ನಿಯಮದ ಕಾಳಜಿ ಚಾರ್ಜಿಂಗ್. ಪೋರ್ಟ್ ವಿಡಿಯೊ ಒಯ್ಯಲೇಬೇಕೆಂದು ಅದು ಹೇಳುವುದಿಲ್ಲ. ವೇಗ, ವ್ಯಾಟ್, ವಿಡಿಯೊ ಉಂಟೋ ಇಲ್ಲವೋ ಎಂಬುದನ್ನು ಪ್ರತಿ ಪೋರ್ಟಿನ ಪಕ್ಕದಲ್ಲೂ ಕೇಬಲ್ ತುದಿಯಲ್ಲೂ ಅಚ್ಚು ಹಾಕಿಸುವ ನಿಯಮ ಬೇಕು.