ಹೊಸ ಆವೃತ್ತಿ, ಹಳೆಯ ಅಕ್ಕಿ

ಭೂಗೋಳ ಪಾಠ ಹೇಳಿ ನಿವೃತ್ತನಾದವನಿಗೆ ಗಣಕಯಂತ್ರದ ತಂತ್ರಾಂಶಗಳ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಕಾಶೆಯ ಪ್ರಶ್ನೆ ಬಂದಾಗ ಸುಮ್ಮನಿರುವುದು ನನಗೆ ಅಂದೂ ಆಗುತ್ತಿರಲಿಲ್ಲ, ಇಂದೂ ಆಗುವುದಿಲ್ಲ. ಜೊತೆಗೆ ಈ ಪ್ರಶ್ನೆಯನ್ನು ನನ್ನೆದುರು ತಂದಿಟ್ಟವನು ನನ್ನ ವಿದ್ಯಾರ್ಥಿಯೇ.

ಕಾಲುವೆಗಳ ನಕಾಶೆ ಸಿದ್ಧಪಡಿಸುವ ಖಾಸಗಿ ಸಂಸ್ಥೆಯೊಂದರಲ್ಲಿ ಆತನ ಉದ್ಯೋಗ. ಕೆಲವು ವರ್ಷಗಳ ಹಿಂದೆ ಅವರ ಕಚೇರಿಯಲ್ಲಿ ಮುಕ್ತ ನಕಾಶೆ ತಂತ್ರಾಂಶವೊಂದರ ಹೊಸ ಆವೃತ್ತಿಯನ್ನು, ಅದು ಹೊರಬಂದ ವಾರದಲ್ಲೇ, ಎಲ್ಲ ಯಂತ್ರಗಳಿಗೂ ಹಾಕಿಬಿಟ್ಟರಂತೆ. ಮರುದಿನ ನೋಡಿದರೆ ಉಪಕಾಲುವೆಯ ಗೆರೆ ಒಂದು ಕಡೆ, ಅದು ಹಾಯಬೇಕಾದ ಸರ್ವೆ ನಂಬರುಗಳು ಇನ್ನೊಂದು ಕಡೆ. ನಡುವೆ ನೂರು ಮೀಟರಿನ ಆಸುಪಾಸು ಅಂತರ. ಕ್ಷೇತ್ರಕ್ಕೆ ಹೋಗಿ ಅಳೆದವರದೇ ತಪ್ಪೆಂದು ಎರಡು ದಿನ ಅವರನ್ನು ದೂರಿದ್ದೂ ಆಯಿತು. ಕೊನೆಗೆ ತಿಳಿದದ್ದು, ಹಳೆಯ ನಕಾಶೆಯ ಅಕ್ಷಾಂಶ ರೇಖಾಂಶಗಳನ್ನು ಹೊಸ ಕ್ರಮಕ್ಕೆ ಪರಿವರ್ತಿಸುವ ಲೆಕ್ಕ ಹೊಸ ಆವೃತ್ತಿಯಲ್ಲಿ ತಪ್ಪಿತ್ತೆಂದು. "ಪುಕ್ಕಟೆ ಸಿಕ್ಕದ್ದು ಸರ್, ಯಾರನ್ನು ಕೇಳುವುದು?" ಎಂದ. ಈ ಬರಹಕ್ಕೆ ಕಾರಣ ಆ ಮಾತು.

ಮೊದಲು ಆ ನೂರು ಮೀಟರಿನ ವಿಚಾರ. ನಮ್ಮ ದೇಶದ ಹಳೆಯ ಮೋಜಣಿಯೆಲ್ಲ ಜಾರ್ಜ್ ಎವರೆಸ್ಟ್ 1830ರಲ್ಲಿ ನಿಗದಿಪಡಿಸಿದ ಭೂಮಿಯ ಆಕಾರವನ್ನು ಆಧರಿಸಿದ್ದು. ಅದರ ಮೂಲಬಿಂದು ಮಧ್ಯಪ್ರದೇಶದ ಕಲ್ಯಾಣಪುರದಲ್ಲಿದೆ. ಇಂದಿನ ಉಪಗ್ರಹಗಳು ಬಳಸುವ 1984ರ ಆಕಾರ ಬೇರೆ. ಒಂದರಿಂದ ಇನ್ನೊಂದಕ್ಕೆ ಬರುವಾಗ ಲೆಕ್ಕ ತಪ್ಪಿದರೆ ನೆಲದ ಮೇಲೆ ಏನೂ ಅಲುಗುವುದಿಲ್ಲ, ಕಾಗದದ ಮೇಲೆ ಊರೇ ಸರಿಯುತ್ತದೆ. ನಮ್ಮಲ್ಲಿ ಒಂದು ಗುಂಟೆ ಎಂದರೆ ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲ. ನೂರು ಮೀಟರು ಸರಿದರೆ ಉದ್ದಕ್ಕೆ ಹತ್ತು ಗುಂಟೆ ದಾಟಿದಂತೆ. ತುಂಗಭದ್ರಾ ಎಡದಂಡೆ ಕಾಲುವೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದ ಹರಿದು ಮಾನ್ವಿ, ರಾಯಚೂರು ತಾಲೂಕುಗಳಿಗೆ ಬರುವ ಹೊತ್ತಿಗೆ ನೀರು ಎಷ್ಟು ಉಳಿದಿರುತ್ತದೆಂಬುದು ನಿಮ್ಮಲ್ಲಿ ಹೊಲ ಉಳ್ಳವರಿಗೆಲ್ಲ ಗೊತ್ತು. ಅಂಥ ಕೊನೆಯ ಭಾಗದ ರೈತನ ಹೊಲ ಅಚ್ಚುಕಟ್ಟಿನ ಗೆರೆಯೊಳಗಿದೆಯೋ ಹೊರಗಿದೆಯೋ ಎಂಬುದನ್ನು ಇಂಥ ನಕಾಶೆ ನೋಡಿಯೇ ತೀರ್ಮಾನಿಸುವ ದಿನಗಳಿವು. ತಂತ್ರಾಂಶದ ದೋಷ ತಂತ್ರಜ್ಞರ ಮನೆಯ ಜಗಳವೆಂದು ನಾವು ಸುಮ್ಮನಿರಲಾಗದು.

ಹಾಗಾದರೆ ದೋಷವಿರುವ ಆವೃತ್ತಿಯನ್ನು ಬಿಡುಗಡೆ ಮಾಡುವುದೇ ಅಪರಾಧವೇ? ಅಲ್ಲವೆಂದೇ ನನ್ನ ಅಭಿಪ್ರಾಯ. ಕ್ಯೂಜಿಐಎಸ್ ಎಂಬ ತಂತ್ರಾಂಶದ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. 2002ರಲ್ಲಿ ಅಲಾಸ್ಕಾದ ಗ್ಯಾರಿ ಶರ್ಮನ್ ಎಂಬುವರು ಆರಂಭಿಸಿದ ಇದು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಇದರ 1.8 ಆವೃತ್ತಿ ಬಂದದ್ದು 2012ರ ಜೂನ್‌ನಲ್ಲಿ, 2.0 ಬಂದದ್ದು 2013ರ ಸೆಪ್ಟೆಂಬರಿನಲ್ಲಿ. ನಡುವೆ ಹದಿನೈದು ತಿಂಗಳು. ಆಮೇಲೆ ಆ ಬಳಗದವರು ಕ್ರಮ ಬದಲಿಸಿ, ಸುಮಾರು ನಾಲ್ಕು ತಿಂಗಳಿಗೊಂದು ಆವೃತ್ತಿ ಎಂದು ದಿನ ಗೊತ್ತುಪಡಿಸಿಕೊಂಡರು. "ದೋಷವೆಲ್ಲ ತೀರಿದ ಮೇಲೆ ಬಿಡುಗಡೆ ಮಾಡಿದರೆ ಆಗದೇ?" ಎಂದು ಕೇಳುವುದು ಸುಲಭ. ನಮ್ಮ ಊರಿನ ಮಂತ್ರಾಲಯ ರಸ್ತೆಯನ್ನೇ ನೆನೆಯಿರಿ. ದಿನಕ್ಕೊಂದೇ ಬಸ್ಸು ಎಂದರೆ ಜನ ಟಾಪಿನ ಮೇಲೂ ಹತ್ತುತ್ತಾರೆ, ಮೂಟೆ, ಕೋಳಿ, ಕುರಿಮರಿ ಎಲ್ಲವನ್ನೂ ತುರುಕುತ್ತಾರೆ. ಗಂಟೆಗೊಂದು ಬಸ್ಸು ಇದ್ದರೆ ಮುಂದಿನದಕ್ಕೆ ಕಾಯುವ ವ್ಯವಧಾನ ಬರುತ್ತದೆ. ಬಿಡುಗಡೆಯ ದಿನ ಗೊತ್ತಿಲ್ಲದಿದ್ದಾಗ ಪ್ರತಿಯೊಬ್ಬ ಕಾರ್ಯಕರ್ತನೂ ತನ್ನ ಅರೆಬೆಂದ ಕೆಲಸವನ್ನು ಇದೇ ಆವೃತ್ತಿಗೆ ತುರುಕಲು ನೋಡುತ್ತಾನೆ. ದೋಷಗಳ ಬಹುಪಾಲು ಹುಟ್ಟುವುದು ಅಲ್ಲಿಯೇ. ಬಿಡುಗಡೆಗೆ ಸುಮಾರು ಒಂದು ತಿಂಗಳ ಮೊದಲೇ ಹೊಸ ಸೌಲಭ್ಯಗಳಿಗೆ ಬಾಗಿಲು ಹಾಕಿ, ಇರುವುದನ್ನು ತಿದ್ದುವುದಕ್ಕಷ್ಟೇ ಅವಕಾಶ ಕೊಡುತ್ತಾರೆ. ಪ್ರಾಯೋಜಕರಿಂದ ಬಂದ ಹಣದಲ್ಲಿ ಒಂದು ಪಾಲನ್ನು ಹೀಗೆ ತಿದ್ದುವವರಿಗೆ ಸಂಭಾವನೆಯಾಗಿ ಕೊಡುವ ಪದ್ಧತಿಯೂ ಇದೆ.

ನಿಯಮವೆಂದ ಮೇಲೆ ಅದು ಮುರಿದದ್ದೂ ಉಂಟು. 2016ರ ಅಕ್ಟೋಬರಿನ 2.18ರ ನಂತರ 3.0 ಬರಲು 2018ರ ಫೆಬ್ರುವರಿಯವರೆಗೆ ಕಾಯಬೇಕಾಯಿತು. ಅಡಿಪಾಯವನ್ನೇ ಬದಲಿಸುವ ಕೆಲಸವಾದ್ದರಿಂದ ಹಳೆಯ ಆವೃತ್ತಿಗೆಂದು ಜನ ಬರೆದುಕೊಂಡಿದ್ದ ಉಪಕರಣಗಳು ಹೊಸದರಲ್ಲಿ ಹಾಗೆಯೇ ನಡೆಯುವಂತಿರಲಿಲ್ಲ. ಆಗ ಎಷ್ಟೋ ಜನರನ್ನು ಕಾಪಾಡಿದ್ದು 2015ರಲ್ಲಿ 2.8ರಿಂದ ಆರಂಭವಾದ ಇನ್ನೊಂದು ಏರ್ಪಾಡು, ದೀರ್ಘಾವಧಿ ಆವೃತ್ತಿ. ವರ್ಷಕ್ಕೊಂದನ್ನು ಆರಿಸಿ, ಅದಕ್ಕೆ ಹೊಸದೇನನ್ನೂ ಸೇರಿಸದೆ, ಕಂಡ ದೋಷಗಳನ್ನು ಮಾತ್ರ ತಿದ್ದುತ್ತ ಹೋಗುತ್ತಾರೆ. 3.4 ಬಂದದ್ದು 2018ರ ಅಕ್ಟೋಬರಿನಲ್ಲಿ. ಅದನ್ನು ದೀರ್ಘಾವಧಿಯದೆಂದು ಬಳಕೆದಾರರ ಕೈಗಿತ್ತದ್ದು 2019ರ ಫೆಬ್ರುವರಿಯಲ್ಲಿ. ನಡುವಿನ ನಾಲ್ಕು ತಿಂಗಳು ಅದು ಮಾಗಬೇಕು. ನಮ್ಮ ಜಿಲ್ಲೆಯ ಸೋನಾ ಮಸೂರಿಯನ್ನು ಕೊಯ್ಲು ಮುಗಿದ ಕೂಡಲೇ ಗಿರಣಿಗೆ ಹಾಕಿಸಿ ಅನ್ನ ಮಾಡಿದರೆ ಮುದ್ದೆಯಾಗುತ್ತದೆ. ಕೆಲವು ತಿಂಗಳು ಇಟ್ಟ ಅಕ್ಕಿಯಾದರೆ ಅನ್ನ ಬಿಡಿಬಿಡಿಯಾಗಿ ಅರಳುತ್ತದೆ. ಹೊಸ ಅಕ್ಕಿ ಕೆಟ್ಟದ್ದೆಂದು ಯಾರೂ ಹೇಳುವುದಿಲ್ಲ, ಮದುವೆಯ ಅಡುಗೆಗೆ ಮಾತ್ರ ಅದನ್ನು ತರುವುದಿಲ್ಲ.

ನನ್ನ ವಿದ್ಯಾರ್ಥಿಯ ಕಚೇರಿಯವರು ಮಾಡಿದ್ದು ಅದನ್ನೇ. ಕೆಲಸದ ಯಂತ್ರಗಳಲ್ಲಿ ದೀರ್ಘಾವಧಿ ಆವೃತ್ತಿ, ಒಂದೇ ಒಂದು ಯಂತ್ರದಲ್ಲಿ ಹೊಸದು, ಅದರಲ್ಲಿ ಹಳೆಯ ನಕಾಶೆಯೊಂದನ್ನು ತೆರೆದು ಬಾಂದು ಕಲ್ಲುಗಳು ಸ್ವಸ್ಥಾನದಲ್ಲಿವೆಯೇ ಎಂದು ನೋಡುವುದು. ಇಷ್ಟಕ್ಕೆ ಅರ್ಧ ದಿನ ಸಾಕು. ಇದಕ್ಕೆ ತದ್ವಿರುದ್ಧವಾದ ರೋಗವೂ ಇದೆ: ಒಮ್ಮೆ ಹಾಕಿದ್ದನ್ನು ಹತ್ತು ವರ್ಷ ಮುಟ್ಟದಿರುವುದು. ತಿದ್ದುಪಡಿ ಬಂದು ವರ್ಷಗಳಾದರೂ ಅದೇ ತಪ್ಪನ್ನು ಸಾಕಿಕೊಂಡಿರುವವರನ್ನು ಕಂಡರೆ ನನಗೆ ಹೆಚ್ಚು ಸಿಟ್ಟು ಬರುತ್ತದೆ.

ಇನ್ನು "ಯಾರನ್ನು ಕೇಳುವುದು" ಎಂಬ ಮಾತು. ಕೇಳುವುದಕ್ಕೆ ಜಾಗವಿದೆ, ಕೇಳುವ ರೀತಿ ನಮಗೆ ರೂಢಿಯಿಲ್ಲ. ತರಗತಿಯಲ್ಲಿ ಹುಡುಗನೊಬ್ಬ ಎದ್ದು "ಸರ್, ಲೆಕ್ಕ ಬರುತ್ತಿಲ್ಲ" ಎಂದರೆ ನಾನು ಏನು ಹೇಳಿಕೊಡಲಿ? ಯಾವ ಲೆಕ್ಕ, ಎಷ್ಟನೆಯ ಹಂತ, ನಿನಗೆ ಬಂದ ಉತ್ತರವೇನು, ಬರಬೇಕಾದದ್ದೇನು ಎಂದು ಕೇಳುತ್ತಿದ್ದೆನಲ್ಲ, ನಿಮಗೆ ನೆನಪಿರಬಹುದು. ದೋಷದ ವರದಿಯೂ ಹಾಗೆಯೇ. ಆವೃತ್ತಿಯ ಸಂಖ್ಯೆ, ಯಂತ್ರದ ವಿವರ, ಏನೇನು ಮಾಡಿದಾಗ ತಪ್ಪಾಯಿತೆಂಬ ಕ್ರಮ, ಸಾಧ್ಯವಾದರೆ ನಕಾಶೆಯ ಒಂದು ತುಣುಕು ಇವಿಷ್ಟಿದ್ದರೆ ದೂರದೇಶದ ಸ್ವಯಂಸೇವಕನೊಬ್ಬ ತನ್ನ ಮನೆಯಲ್ಲಿ ಕುಳಿತು ಅದೇ ತಪ್ಪನ್ನು ಮತ್ತೆ ಹುಟ್ಟಿಸಬಲ್ಲ. ಹುಟ್ಟಿಸಲು ಬಂದರೆ ತಿದ್ದಲೂ ಬರುತ್ತದೆ. "ನಿಮ್ಮ ತಂತ್ರಾಂಶ ಕೆಲಸಕ್ಕೆ ಬಾರದು" ಎಂದು ಬರೆದು ಕಳಿಸಿದರೆ ಅವನಾದರೂ ಏನು ಮಾಡಿಯಾನು?

ಕೆಲವು ದೋಷಗಳನ್ನು ನಾವಲ್ಲದೆ ಬೇರೆ ಯಾರೂ ಕಾಣಲಾರರು. ತಿರುವುಳ್ಳ ರಸ್ತೆಯ ಮೇಲೆ ಹೆಸರು ಬರೆಯುವಾಗ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಗೆರೆಯುದ್ದಕ್ಕೂ ಜೋಡಿಸುವ ಕ್ರಮ ರೋಮನ್ ಲಿಪಿಗೆ ಒಪ್ಪುತ್ತದೆ. "ಮಂತ್ರಾಲಯ ರಸ್ತೆ" ಎಂಬುದನ್ನು ಹಾಗೆ ಬಿಡಿಸಿದರೆ ಒತ್ತಕ್ಷರ ಒಂದು ಕಡೆ, ದೀರ್ಘ ಇನ್ನೊಂದು ಕಡೆ ಚೆದುರುತ್ತವೆ. ಯುರೋಪಿನ ಕಾರ್ಯಕರ್ತನ ಕಣ್ಣಿಗೆ ಅದೂ ಚಂದದ ಬಳ್ಳಿಯಂತೆಯೇ ಕಂಡೀತು, ಅವನ ತಪ್ಪಲ್ಲ.

ಆದ್ದರಿಂದ ರಾಯಚೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವ ನಿಮ್ಮ ಮಕ್ಕಳಿಗೆ ನನ್ನದೊಂದು ಕೋರಿಕೆ ತಲುಪಿಸಿ. ಬಿಡುಗಡೆಗೆ ಮುಂಚಿನ ಆ ತಿದ್ದುಪಡಿಯ ತಿಂಗಳಿನಲ್ಲಿ ಪರೀಕ್ಷಾರ್ಥ ಆವೃತ್ತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರಲ್ಲಿ ನಮ್ಮ ಜಿಲ್ಲೆಯ ನಕಾಶೆ ತೆರೆದು ಕೃಷ್ಣಾ, ಮಂತ್ರಾಲಯ, ದೇವದುರ್ಗ ಈ ಮೂರು ಹೆಸರುಗಳನ್ನು ನದಿಯ ಮತ್ತು ರಸ್ತೆಗಳ ತಿರುವಿನ ಮೇಲೆ ಕನ್ನಡದಲ್ಲಿ ಬರೆಸಿ ನೋಡಲಿ. ಷ್ಣಾ, ತ್ರಾ, ರ್ಗ ಮೂರೂ ಸರಿಯಾಗಿ ಬಂದರೆ ಸಂತೋಷ. ಬಾರದಿದ್ದರೆ ಚಿತ್ರದ ಸಮೇತ ವರದಿ ಬರೆಯಲಿ. ಕಳಿಸುವ ಮುನ್ನ ಬೇಕಿದ್ದರೆ ನನಗೂ ಒಮ್ಮೆ ತೋರಿಸಲಿ, ಹಂತಗಳು ಸರಿಯಾಗಿವೆಯೇ ಎಂದು ಓದಿ ನೋಡುತ್ತೇನೆ.